ಪುಚೊಂಗಿಗೆ ಕೊಟ್ಟ ಮಗಳು

ಫೆಬ್ರುವರಿ 2, ಭಾನುವಾರ

ಬದಲಿ ತಿಂಗಳು ಶುರುವಾಯಿತು. ಇನ್ನು ತಿಂಗಳಿಡೀ ನಮ್ಮ ಸಾಫ್ಟ್‌ಬಾಲ್ ಲೀಗಿನ ಆರೂ ತಂಡಗಳ ಮ್ಯಾನೇಜರುಗಳು ಕಂಡವರ ಮನೆ ಬಾಗಿಲಲ್ಲಿ ಹಲ್ಲು ಗಿಂಜಿಕೊಂಡು ನಿಲ್ಲುತ್ತಾರೆ. ಮ್ಯಾನೇಜರುಗಳಂತೆ. ಊರಿನಲ್ಲಿ ಕ್ರಿಕೆಟ್ ಆಡಿ ಮೊಣಕಾಲು ಕೆಡಿಸಿಕೊಂಡು, ಕೌಲಾಲಂಪುರಕ್ಕೆ ಬಂದ ಮೇಲೆ ಟಿವಿಯಲ್ಲಿ ಬೇಸ್‌ಬಾಲ್ ನೋಡಿ ಕಲಿತ ಗಂಡಸರು. ಇವರಲ್ಲಿ ಈ ಆಟವನ್ನು ನಿಜವಾಗಿ ಆಡಿದವಳು ನಾನೊಬ್ಬಳೇ. ಮೈಸೂರಿನಲ್ಲಿ ಓದುವಾಗ ರಾಜ್ಯ ತಂಡದ ಕ್ಯಾಚರ್ ಆಗಿದ್ದೆ. ಅದನ್ನು ಹೇಳಿದರೆ "ಓ, ಹೌದಾ ಭವ್ಯಶ್ರೀ ಮೇಡಂ" ಎಂದು ನಕ್ಕು ಮತ್ತೆ ತಮ್ಮ ಕ್ರಿಕೆಟ್ ಕಥೆಗೇ ಹೋಗುತ್ತಾರೆ.

ಆದರೂ ನನ್ನ ಬ್ರಿಕ್‌ಫೀಲ್ಡ್ಸ್ ತಂಡ ಎರಡು ವರ್ಷದಿಂದ ಪುಚೊಂಗ್ ತಂಡದ ಎದುರು ಸೋಲುತ್ತಿದೆ. ಅವರ ಹತ್ತಿರ ಆಲಿಶಾ ಇದ್ದಾಳೆ. ಅವಳು ಎಸೆದ ಚೆಂಡು ಕಣ್ಣಿಗೆ ಕಾಣುವ ಹೊತ್ತಿಗೆ ಕ್ಯಾಚರ್ ಕೈ ಸೇರಿರುತ್ತದೆ. ಅಂಥ ಪಿಚರ್ ಇಟ್ಟುಕೊಂಡು ಗೆಲ್ಲುವುದಕ್ಕೆ ಬುದ್ಧಿ ಬೇಕಾಗಿಲ್ಲ. ಅದಕ್ಕೇ ಅವರ ಮ್ಯಾನೇಜರ್ ಡೆಸ್ಮಂಡ್ ಗೆಲ್ಲುತ್ತಿದ್ದಾನೆ.

ಈ ಸಲ ಅವಳನ್ನು ತಂದೇ ತರುತ್ತೇನೆ. ನಮ್ಮಲ್ಲಿ ಹಣದ ಮಾತಿಲ್ಲ, ಆಳಿಗೆ ಆಳು. ಮನೆಯವರು ಒಪ್ಪಿದರೆ ಹಳೆಯ ತಂಡ ಆಟಗಾರರನ್ನು ಬಿಟ್ಟುಕೊಡಬೇಕು. ಬದಲಿಗೆ ಹೊಸ ತಂಡದಿಂದ ತನಗೆ ಬೇಕಾದ ಒಬ್ಬರನ್ನು ಆರಿಸಿಕೊಳ್ಳಬಹುದು. ಡೆಸ್ಮಂಡ್ ನನ್ನ ಮಹಿತ್‌ನನ್ನೇ ಕೇಳುತ್ತಾನೆ. ಬ್ಯಾಟ್ ಹಿಡಿಯಲು ಬರುವವನು ನನ್ನಲ್ಲಿ ಅವನೊಬ್ಬನೇ. ಹೋಗಲಿ, ಆಲಿಶಾ ಸಿಕ್ಕರೆ ಮಹಿತ್ ಹೋದರೂ ಚಿಂತೆಯಿಲ್ಲ.

ಧೃತಿ ಇವತ್ತೂ ಅಭ್ಯಾಸದಲ್ಲಿ ಸುಲಭದ ಕ್ಯಾಚ್ ಬಿಟ್ಟಳು. ನನ್ನ ಹೊಟ್ಟೆಯಲ್ಲಿ ಹುಟ್ಟಿ ಆ ಕೈಗಳು ಎಲ್ಲಿಂದ ಬಂದವೋ. ಗುರುದತ್‌ನ ಮನೆತನದ್ದೇ ಇರಬೇಕು. ಕಾರಿನಲ್ಲಿ ಮನೆಗೆ ಬರುವವರೆಗೂ ತಿಳಿಸಿ ಹೇಳಿದೆ. ಅವಳು ಕಿಟಕಿಯ ಕಡೆ ಮುಖ ಮಾಡಿಕೊಂಡು ಕೂತಿದ್ದಳು. ಇಪ್ಪತ್ತು ವರ್ಷದ ಹುಡುಗಿಗೆ ಆಟ ಎಂದರೆ ಇಷ್ಟು ಅಸಡ್ಡೆ.

ಫೆಬ್ರುವರಿ 8, ಶನಿವಾರ

ಪುಚೊಂಗಿಗೆ ಹೋಗಿ ಆಲಿಶಾಳ ಮನೆಯವರನ್ನು ಕಂಡು ಬಂದೆ. ಈ ಲೀಗಿನಲ್ಲಿ ಆಟಗಾರರನ್ನು ಕೇಳುವುದೂ ಒಂದೇ, ಹೆಣ್ಣು ಕೇಳುವುದೂ ಒಂದೇ. ರೇಷ್ಮೆ ಸೀರೆ ಉಟ್ಟು, ಹಣ್ಣು, ಹೂವು, ಮೈಸೂರುಪಾಕು ಹಿಡಿದುಕೊಂಡು ಗಂಡನನ್ನೂ ಕರೆದುಕೊಂಡು ಹೋಗಬೇಕು. ಗುರುದತ್ ಬರುವುದಿಲ್ಲ ಎಂದ, ಕರೆದುಕೊಂಡು ಹೋದೆ. ಇಡೀ ಹೊತ್ತು ಸೋಫಾದ ತುದಿಯಲ್ಲಿ ಕೂತು ಟೀಪಾಯಿ ನೋಡುತ್ತಿದ್ದ.

ಟೀಪಾಯಿಯ ಮೇಲೆ ಅರ್ಧ ತಿಂದ ಕೇಕ್ ಇತ್ತು. ಡೆಸ್ಮಂಡ್ ನಿನ್ನೆಯೇ ಬಂದು ಹೋಗಿದ್ದನಂತೆ, "ಹುಡುಗಿಯನ್ನು ಎಲ್ಲಿಗೂ ಕಳಿಸ್ಬೇಡಿ" ಎನ್ನಲು. ಆ ತಂದೆ ಪ್ಯಾಸ್ಕಲ್ ಅವರಿಗೆ ಎರಡು ಕಡೆಯವರೂ ಬಂದು ಬೆಣ್ಣೆ ಹಚ್ಚುತ್ತಿರುವುದು ಬಹಳ ಇಷ್ಟವಾದಂತಿತ್ತು. ಮಗಳ ಮೆಡಲುಗಳನ್ನು ಒಂದೊಂದಾಗಿ ತೋರಿಸಿದರು. ಶಾಲೆಯದು, ಜಿಲ್ಲೆಯದು, ಮೆಲಾಕಾದಲ್ಲಿ ಗೆದ್ದದ್ದು. ನಾನು ಪ್ರತಿಯೊಂದಕ್ಕೂ ಬೆರಗಾದೆ. ಕೆನ್ನೆ ನೋಯುತ್ತಿದೆ.

ತಾಯಿ ಫಿಲೊಮಿನಾ ಹಾಗಲ್ಲ, ಗಟ್ಟಿ ಹೆಂಗಸು. "ನೋಡುವ" ಎಂದರು ಅಷ್ಟೇ. ಹೊರಡುವಾಗ ಮಾತ್ರ ಒಂದು ಮಾತು ಬಿಟ್ಟರು. "ಡೆಸ್ಮಂಡ್ ಒಳ್ಳೆಯವ್ನೇ. ಆದ್ರೆ ಭಾನುವಾರ ಬೆಳಿಗ್ಗೆ ಪ್ರಾಕ್ಟೀಸ್ ಇಡ್ತಾನೆ. ಇವ್ಳಿಗೆ ಪೂಜೆ ತಪ್ತದೆ. ಇಗರ್ಜಿಯಲ್ಲಿ ಎಲ್ರೂ ಕೇಳ್ತಾರೆ, ಮಗಳು ಎಲ್ಲಿ ಅಂತ."

ಆಲಿಶಾ ಒಮ್ಮೆ ರೂಮಿನಿಂದ ಬಂದು ಮೈಸೂರುಪಾಕು ಎತ್ತಿಕೊಂಡು ಹೋದಳು. ಕಿವಿಯಲ್ಲಿ ಇಯರ್‌ಫೋನ್. ಅವಳನ್ನು ಯಾರೂ ಏನೂ ಕೇಳಲಿಲ್ಲ. ಕೇಳುವ ಪದ್ಧತಿ ಇಲ್ಲ.

ಫೆಬ್ರುವರಿ 11, ಮಂಗಳವಾರ

ತೈಪೂಸಂ ಹಬ್ಬದ ರಜೆ. ಡೆಸ್ಮಂಡ್ ಮತ್ತೆ ಅವರ ಮನೆಗೆ ಹೋಗಿ, ಮಂಗಳೂರಿನಿಂದ ತರಿಸಿದ ಒಣಮೀನು ಕೊಟ್ಟು ಬಂದನಂತೆ. ನಾಚಿಕೆಗೆಟ್ಟವನು. ಒಣಮೀನಿನ ಎದುರು ಮೈಸೂರುಪಾಕು ಎಲ್ಲಿ ನಿಲ್ಲುತ್ತದೆ?

ಫೆಬ್ರುವರಿ 13, ಗುರುವಾರ

ಗೆದ್ದೆ. ಫಿಲೊಮಿನಾಗೆ ಫೋನ್ ಮಾಡಿ, "ಇನ್ನು ಮೇಲೆ ನಮ್ಮ ತಂಡದ ಪ್ರಾಕ್ಟೀಸ್ ಶನಿವಾರ, ಮ್ಯಾಚುಗಳು ಭಾನುವಾರ ಮಧ್ಯಾಹ್ನ. ಆಲಿಶಾಗೆ ಒಂದು ಪೂಜೇನೂ ತಪ್ಪಲ್ಲ" ಎಂದೆ. ಅವರು "ಹಾಗಾದ್ರೆ ಕಳಿಸ್ತೇವೆ" ಎಂದರು. ಆಮೇಲೆ "ದೇವ್ರು ನಿಮ್ಮನ್ನ ಚೆನ್ನಾಗಿಟ್ಟಿರ್ಲಿ" ಎಂದರು. ಡೆಸ್ಮಂಡ್ ತಾನೂ ಅದೇ ಇಗರ್ಜಿಗೆ ಹೋಗುವವನು. ಅವನಿಗೆ ಹೊಳೆಯದೆ ಹೋದದ್ದು ದಿನಾ ಬೆಳಿಗ್ಗೆ ರಾಘವೇಂದ್ರ ಸ್ವಾಮಿಗೆ ಕೈ ಮುಗಿಯುವ ನನಗೆ ಹೊಳೆಯಿತು. ತಲೆ ಇರುವುದು ಬರೀ ಟೋಪಿ ಇಡಲಿಕ್ಕಲ್ಲ.

ಫೆಬ್ರುವರಿ 16, ಭಾನುವಾರ

ಡೆಸ್ಮಂಡ್ ಇವತ್ತು ಮಾಮಾಕ್ ಹೋಟೆಲಿಗೆ ಬರಲು ಹೇಳಿದ್ದ, ಬದಲಿ ಯಾರು ಎಂದು ತೀರ್ಮಾನಿಸಲು. ಮಹಿತ್‌ನನ್ನು ಕಳೆದುಕೊಳ್ಳುವ ತಯಾರಿ ಮಾಡಿಕೊಂಡೇ ಹೋಗಿದ್ದೆ. ಸುಲಭಕ್ಕೆ ಬಿಡಬಾರದು, ಸ್ವಲ್ಪ ಕಣ್ಣೀರು ಹಾಕಬೇಕು, ಹಾಗೆಲ್ಲ ಯೋಚಿಸಿದ್ದೆ.

ಅವನು ತೆತಾರಿಕ್ ಚಹಾ ಕುಡಿದು, ಲೋಟ ಕೆಳಗಿಟ್ಟು, ಮೀಸೆ ಒರೆಸಿಕೊಂಡು ಹೇಳಿದ್ದು ಇಷ್ಟು: "ನಮ್ಗೆ ಧೃತಿಯನ್ನು ಕೊಡಿ ಮಾರಾಯ್ರೆ."

ನನಗೆ ತಪ್ಪಾಗಿ ಕೇಳಿಸಿತೇನೋ ಎಂದು ಮತ್ತೆ ಕೇಳಿದೆ. ಧೃತಿಯೇ. ನನ್ನ ತಂಡದಲ್ಲಿ ಕೊನೆಯವಳಾಗಿ ಬ್ಯಾಟ್ ಮಾಡುವವಳು. ಚೆಂಡು ಬಾರದ ಮೂಲೆ ನೋಡಿ ನಾನು ನಿಲ್ಲಿಸುವವಳು.

"ಯಾಕೆ?" ಎಂದೆ.

"ಅವ್ಳು ಬೆಂಚಿನಲ್ಲಿ ಕೂತ್ರೆ ಪಕ್ಕದವ್ರಿಗೆ ಧೈರ್ಯ ಬರ್ತದೆ. ನಾನು ನೋಡಿದ್ದೇನೆ. ನಮ್ಮವ್ರು ಔಟಾಗಿ ಬಂದಾಗ್ಲೂ ಅವ್ಳು ನೀರು ಕೊಡ್ತಾಳೆ, ಎದುರು ಟೀಮಾದ್ರೂ. ಆದ್ರೆ ಅವ್ಳನ್ನೇ ಒಂದು ಮಾತು ಕೇಳ್ಬೇಕು..."

ಅವನು ಮುಗಿಸುವ ಮೊದಲೇ ಕೊಟ್ಟೆ ಎಂದೆ. ಎಲ್ಲಿ ಮನಸ್ಸು ಬದಲಾಯಿಸುತ್ತಾನೋ ಎಂಬ ಭಯಕ್ಕೆ ಅಲ್ಲಿಯೇ ಕೈ ಕುಲುಕಿದೆ. ನೀರು ಕೊಡುವವಳಿಗಾಗಿ ದೇಶದ ಒಳ್ಳೆಯ ಪಿಚರ್ ಅನ್ನು ಬಿಟ್ಟುಕೊಟ್ಟ. ಬರುವ ದಾರಿಯುದ್ದಕ್ಕೂ ಒಬ್ಬಳೇ ನಗುತ್ತಿದ್ದೆ.

ಫೆಬ್ರುವರಿ 17, ಸೋಮವಾರ

ಧೃತಿಗೆ ಹೇಳಿದೆ. ದೋಸೆ ತಿನ್ನುತ್ತಿದ್ದಳು. "ಓಕೆ ಲಾ ಅಮ್ಮಾ" ಎಂದು ತಟ್ಟೆ ಎತ್ತಿಕೊಂಡು ಎದ್ದಳು. ಅರ್ಧ ದೋಸೆ ಹಾಗೇ ಇತ್ತು. ಅಷ್ಟೇ. ನನಗೆ ಇಷ್ಟು ಹಗುರವಾಗುತ್ತದೆ ಎಂದು ಗೊತ್ತಿದ್ದರೆ ಮೊದಲೇ ಮಾಡುತ್ತಿದ್ದೆ.

ಗುರುದತ್ ಮಾತ್ರ ಅಡುಗೆಮನೆಯಿಂದ, "ಅವಳ್ನ ಒಂದ್ಸಲ ಕೇಳ್ಬೋದಿತ್ತು" ಎಂದ. ಇವನು ಯಾವತ್ತು ಬ್ಯಾಟ್ ಹಿಡಿದಿದ್ದಾನೆ? ಕಿವಿಯ ಮೇಲೆ ಹಾಕಿಕೊಳ್ಳಲಿಲ್ಲ.

ಫೆಬ್ರುವರಿ 19, ಬುಧವಾರ

ಸಂಜೆ ಡೆಸ್ಮಂಡ್ ಮನೆಗೆ ಬಂದ. ಕೈಯಲ್ಲಿ ಹಣ್ಣಿಲ್ಲ, ಹೂವಿಲ್ಲ, ಒಂದು ಕಿತ್ತುಹೋದ ಗ್ಲವ್ ಇತ್ತು. ನನ್ನನ್ನಾಗಲಿ ಗುರುದತ್‌ನನ್ನಾಗಲಿ ಮಾತಾಡಿಸಲಿಕ್ಕಲ್ಲವಂತೆ. ಧೃತಿಯ ಎದುರು ಕುರ್ಚಿ ಎಳೆದುಕೊಂಡು, "ನಮ್ಮ ಟೀಮಿಗೆ ಬರ್ತೀಯಾ ಮಗಾ? ಇಷ್ಟ ಇಲ್ದಿದ್ರೆ ಇಲ್ಲ ಅನ್ನು, ನಾನು ಬೇರೆಯವ್ರನ್ನು ನೋಡ್ತೇನೆ" ಎಂದ.

ಎಲ್ಲ ತೀರ್ಮಾನವಾದ ಮೇಲೆ ಈ ನಾಟಕ ಯಾಕೆ? ನನಗೆ ಒಳಗೊಳಗೇ ದಿಗಿಲು, ಎಲ್ಲಿ ಇವಳು ಬೇಡ ಎಂದು ಮಹಿತ್ ಕೈ ಬಿಟ್ಟು ಹೋಗುತ್ತಾನೋ ಎಂದು. ಅವಳು ನನ್ನ ಮುಖ ನೋಡಿದಳು. ಆಮೇಲೆ ಅವನ ಮುಖ ನೋಡಿ, "ಯೆಸ್ ಅಂಕಲ್" ಎಂದಳು. ಗುರುದತ್ ಅವನಿಗೆ ಕಾಫಿ ಮಾಡಿಕೊಟ್ಟ, ಕೇಳದೆ.

ಏಪ್ರಿಲ್ 13, ಭಾನುವಾರ

ರಂಜಾನ್ ಉಪವಾಸದ ತಿಂಗಳು, ಈದ್‌ನ ಹರಿರಾಯ ರಜೆ ಎಲ್ಲ ಮುಗಿದು ಲೀಗ್ ಶುರು. ಮೊದಲ ಪಂದ್ಯ ಗೆದ್ದೆವು. ಆಲಿಶಾ ಎದುರು ಶಾ ಆಲಂ ತಂಡದವರು ಬ್ಯಾಟ್ ಬೀಸಿ ಗಾಳಿ ಹಾಕಿಕೊಂಡರು. ಪಂದ್ಯ ಮುಗಿದ ತಕ್ಷಣ ಅವಳು ಇಯರ್‌ಫೋನ್ ಸಿಕ್ಕಿಸಿಕೊಂಡು ಅಪ್ಪನ ಕಾರು ಹತ್ತಿದಳು. ಒಳ್ಳೆಯದೇ. ಇಂಥ ಆಟಗಾರರೇ ಬೇಕು, ಹರಟೆ ಇಲ್ಲದೆ.

ಪಕ್ಕದ ಮೈದಾನದಲ್ಲಿ ಪುಚೊಂಗ್‌ನವರು ಸೋತರು. ಸೋತು ಅದೇನು ನಗುವೋ. ಹಳೆಯ ವೈರಿಗಳು ಹೀಗೆ ಕೋಡಂಗಿಗಳಾಗಿ ಹೋದರೆ ಗೆದ್ದ ಸುಖವೂ ಇಲ್ಲ.

ಏಪ್ರಿಲ್ 27, ಭಾನುವಾರ

ಗೆದ್ದೆವು. ಮನೆಗೆ ಒಬ್ಬಳೇ ಬಂದೆ. ಧೃತಿ ಈಗ ಎಲ್‌ಆರ್‌ಟಿ ಟ್ರೇನಿನಲ್ಲಿ ಹೋಗಿ ಬರುತ್ತಾಳೆ. ಕಾರಿನಲ್ಲಿ ರೇಡಿಯೋ ಹಾಕಿದೆ. ಯಾವ ಚಾನೆಲ್ಲಿನಲ್ಲೂ ಕೇಳುವಂಥದ್ದು ಇರಲಿಲ್ಲ.

ಮೇ 11, ಭಾನುವಾರ

ನಮಗೆ ಇವತ್ತು ಪಂದ್ಯವಿಲ್ಲ. ಎದುರಾಳಿಗಳನ್ನು ಅಭ್ಯಾಸ ಮಾಡಬೇಕು ಎಂದು ಪುಚೊಂಗ್‌ನವರ ಪಂದ್ಯ ನೋಡಲು ಹೋದೆ. ಕಾರನ್ನು ದೂರದ ಮರದ ಕೆಳಗೆ ನಿಲ್ಲಿಸಿ ಒಳಗೇ ಕೂತೆ. ನನ್ನನ್ನು ಕಂಡರೆ ತಂತ್ರ ಬದಲಾಯಿಸುತ್ತಾರೆ.

ತಂತ್ರ ಎಲ್ಲಿಂದ ಬರಬೇಕು? ಆ ಮೂರ್ಖ ಧೃತಿಯನ್ನು ಎರಡನೇ ಬೇಸಿಗೆ ನಿಲ್ಲಿಸಿದ್ದಾನೆ. ಚೆಂಡು ನೇರ ಅವಳ ಕಾಲ ಬಳಿಗೇ ಬರಬೇಕು, ಎಡಕ್ಕೆ ಬಂದರೆ ತಡವರಿಸುತ್ತಾಳೆ. ಇಂದು ಎರಡು ಹಿಡಿದಳು, ಮೂರು ಬಿಟ್ಟಳು. ಹಿಡಿದದ್ದರಲ್ಲಿ ಒಂದು ಮಾತ್ರ ಪರವಾಗಿಲ್ಲ; ನೆಲಕ್ಕೆ ಬಾಗಿ, ಸೊಂಟ ತಿರುಗಿಸಿ, ನೋಡದೆಯೇ ಮೊದಲ ಬೇಸಿಗೆ ಎಸೆದಳು. ಅದನ್ನು ಅವಳಿಗೆ ಕಲಿಸಿದವಳು ನಾನು. ಅವಳಿಗೆ ಆಗ ಎಂಟು ವರ್ಷ, ನಮ್ಮ ಕಾಂಡೋ ಕೆಳಗಿನ ಕಾರ್ ಪಾರ್ಕಿಂಗಿನಲ್ಲಿ.

ಬಿಟ್ಟಾಗಲೆಲ್ಲ ಡೆಸ್ಮಂಡ್ ಚಪ್ಪಾಳೆ ತಟ್ಟುತ್ತಾನೆ. "ಬರ್ತದೆ, ಬರ್ತದೆ" ಎಂದು ಕೂಗುತ್ತಾನೆ. ಏನು ಬರುತ್ತದೆ? ಧೃತಿ ಗ್ಲವ್ ನೆತ್ತಿಯ ಮೇಲೆ ಇಟ್ಟುಕೊಂಡು ಬಿದ್ದು ಬಿದ್ದು ನಗುತ್ತಿದ್ದಳು. ಅವಳು ಮೈದಾನದಲ್ಲಿ ನಗುವುದನ್ನು ನಾನು ನೋಡಿರಲಿಲ್ಲ.

ಅವಳನ್ನು ಕೊನೆಯವಳಾಗಿ ಬ್ಯಾಟ್ ಮಾಡಿಸುತ್ತಿದ್ದಾನೆ. ಇದಂತೂ ಅನ್ಯಾಯ. ಅವಳ ಮುಂದೆ ಹೋಗುವ ಆ ದಢೂತಿಗಿಂತ ಇವಳು ಎಷ್ಟೋ ವಾಸಿ.

ಮೇ 25, ಭಾನುವಾರ

ಆಲಿಶಾ ಇವತ್ತು ನನ್ನನ್ನೇ ಗದರಿಸಿದಳು. ಯಾವ ಚೆಂಡು ಎಸೆಯಬೇಕು ಎಂದು ಸನ್ನೆಗಾಗಿ ನನ್ನ ಕಡೆ ನೋಡಿದ್ದಾಳೆ. ನಾನು ಪಕ್ಕದ ಮೈದಾನ ನೋಡುತ್ತಿದ್ದೆನಂತೆ. "ಆಂಟಿ, ದಟ್ ಈಸ್ ನಾಟ್ ಅವರ್ ಗೇಮ್" ಎಂದಳು. ಸೊಕ್ಕು. ಬಿಸಿಲಿಗೆ ಕಣ್ಣು ಕುಕ್ಕಿತ್ತು ಅಷ್ಟೇ. ಗೆದ್ದೆವು.

ಜೂನ್ 15, ಭಾನುವಾರ

ಪುಚೊಂಗ್ ಹೇಗೋ ಏರಿಕೊಂಡು ಬಂದಿದೆ. ಫೈನಲ್‌ನಲ್ಲಿ ನಾವು ಅವರು. ಹೇಗೆ ಎಂದು ಯಾರಿಗೂ ತಿಳಿಯುತ್ತಿಲ್ಲ, ಡೆಸ್ಮಂಡ್‌ಗಂತೂ ಖಂಡಿತ ತಿಳಿದಿಲ್ಲ. ಒಬ್ಬ ಸ್ಟಾರೂ ಇಲ್ಲದ ತಂಡ. ಒಬ್ಬರು ಬಿಟ್ಟದ್ದನ್ನು ಇನ್ನೊಬ್ಬರು ಓಡಿ ಹಿಡಿಯುತ್ತಾರೆ, ಅಷ್ಟೇ ಅವರ ವಿದ್ಯೆ.

ಮನೆಯಲ್ಲಿ ಧೃತಿ ಹಾಡಿಕೊಂಡು ಬಟ್ಟೆ ಮಡಿಸುತ್ತಿದ್ದಳು. ನಾನು ಹೋದಾಗ ನಿಲ್ಲಿಸಿದಳು. ನಿಲ್ಲಿಸಬೇಡ, ಹಾಡು ಎಂದೆ. "ಇಟ್ಸ್ ನಥಿಂಗ್" ಎಂದಳು.

ಜುಲೈ 6, ಭಾನುವಾರ

ಕಪ್ ನನ್ನ ಎದುರಿಗಿದೆ. ಊಟದ ಮೇಜಿನ ಅರ್ಧ ಜಾಗ ತಿಂದಿದೆ.

ಕೊನೆಯ ಸರದಿ. ನಾವು ಒಂದು ಓಟ ಮುಂದೆ. ಅವರಲ್ಲಿ ಇಬ್ಬರು ಔಟ್, ಮೂರನೇ ಬೇಸಿನಲ್ಲಿ ಅವರ ಹುಡುಗ ಓಡಲು ತುದಿಗಾಲಲ್ಲಿ. ಬ್ಯಾಟ್ ಹಿಡಿದು ಬಂದವಳು ಧೃತಿ. ಎರಡು ಸ್ಟ್ರೈಕ್ ಆಯಿತು, ಇನ್ನೊಂದಾದರೆ ಔಟ್. ಆದರೆ ಎರಡನೆಯದು ಬ್ಯಾಟಿಗೆ ತಾಗಿ ಗೆರೆಯ ಹೊರಗೆ ಬಿತ್ತು, ಒಂದು ಕೈಯಗಲ ಒಳಗೆ ಬಿದ್ದಿದ್ದರೆ ಪಂದ್ಯ ಸಮವಾಗುತ್ತಿತ್ತು. ಮೈದಾನವಿಡೀ ಎದ್ದು ನಿಂತಿತ್ತು. ಅವಳು ಉಸಿರು ಬಿಗಿಹಿಡಿದಿದ್ದು ನನಗೆ ಬೆಂಚಿನಿಂದ ಕಾಣುತ್ತಿತ್ತು.

ಆಲಿಶಾ ನನ್ನ ಕಡೆ ನೋಡಿದಳು.

ಧೃತಿಗೆ ಎದೆಗಿಂತ ಮೇಲೆ ಬರುವ ಚೆಂಡನ್ನು ಬಿಡಲು ಬರುವುದಿಲ್ಲ. ಗಾಬರಿಯಾದರೆ ಬೀಸಿಯೇ ಬೀಸುತ್ತಾಳೆ. ಅದು ಡೆಸ್ಮಂಡ್‌ಗೆ ಗೊತ್ತಿಲ್ಲ, ಆಲಿಶಾಗೂ ಗೊತ್ತಿಲ್ಲ. ನನಗೊಬ್ಬಳಿಗೆ ಗೊತ್ತು, ತಾಯಿಯಾದ್ದರಿಂದ. ನಾನು ಟೋಪಿ ಮುಟ್ಟಿ ಸನ್ನೆ ಮಾಡಿದೆ, ಮೇಲೆ ಎಸೆ ಎಂದು. ಅವಳು ಎಸೆದಳು. ಧೃತಿ ಬೀಸಿದಳು. ಔಟ್.

ಅದು ನನ್ನ ಕೆಲಸ. ಬೇರೆ ಯಾರ ಮಗಳಾಗಿದ್ದರೂ ಅದನ್ನೇ ಮಾಡುತ್ತಿದ್ದೆ.

ನನ್ನ ತಂಡದವರು ಕುಣಿಯುತ್ತಿದ್ದರು. ಯಾರೋ ನನ್ನ ಕೈಗೆ ಕಪ್ ಕೊಟ್ಟರು. ನಾನು ಅವಳನ್ನೇ ನೋಡುತ್ತಿದ್ದೆ. ಸೋತು ಬಂದವಳನ್ನು ಪುಚೊಂಗ್‌ನ ಹದಿನೈದು ಜನವೂ ಓಡಿಬಂದು ಮುತ್ತಿಕೊಂಡರು. ಆ ದಢೂತಿ ಹುಡುಗ ಅವಳನ್ನು ಎತ್ತಿಯೇ ಬಿಟ್ಟ. ಡೆಸ್ಮಂಡ್ ತನ್ನ ಟೋಪಿ ತೆಗೆದು ಅವಳ ತಲೆಗಿಟ್ಟ. ತಮ್ಮ ತಂಡವನ್ನೇ ಸೋಲಿಸಿದವಳಿಗೆ ಯಾರಾದರೂ ಹಾಗೆ ಮಾಡುತ್ತಾರೆಯೇ?  ಹದಿನೈದು ಜನ ಹೋಗಿ ತಬ್ಬಿಕೊಂಡರು, ಅವಳ ತಾಯಿ ಕಪ್ ಹಿಡಿದುಕೊಂಡು ನಿಂತಿದ್ದಳು.

ಅವಳು ಅವರೊಂದಿಗೆ ಮಾಮಾಕ್‌ಗೆ ಹೋಗಿದ್ದಾಳೆ, ರಾತ್ರಿ ಊಟ, ಮಕಾನ್, ಎಲ್ಲ ಅಲ್ಲೇ ಅಂತೆ. ಗುರುದತ್ ಸಾರು ಬಿಸಿ ಮಾಡಲೇ ಎಂದ. ಬೇಡ ಎಂದೆ.

ಜುಲೈ 9, ಬುಧವಾರ

ಧೃತಿ ಕಾಲೇಜಿನಿಂದ ಬರುತ್ತಾ ಮೂವರಿಗೂ ಊಟ ತಪಾವ್ ಮಾಡಿಸಿ, ಪೊಟ್ಟಣ ಹಿಡಿದುಕೊಂಡು ಬಂದಿದ್ದಳು. ಗುರುದತ್ ಆಫೀಸಿನ ಕಾಲ್‌ನಲ್ಲಿದ್ದ. ನಾವಿಬ್ಬರೇ ಕೂತೆವು. ಮೂರು ದಿನದಿಂದ ಇದನ್ನು ಹೇಗೆ ಎತ್ತುವುದು ಎಂದು ಯೋಚಿಸಿ ಯೋಚಿಸಿ ನನಗೇ ಅಸಹ್ಯವಾಗಿತ್ತು. ದೊಡ್ಡ ದೊಡ್ಡ ಆಟಗಾರರ ಮನೆಯಲ್ಲಿ ಗಂಟೆಗಟ್ಟಲೆ ಮಾತಾಡಿದವಳು ನಾನು.

"ಮುಂದಿನ ವರ್ಷ ನಮ್ ಟೀಮ್‌ಗೆ ವಾಪಸ್ ಬರ್ತೀಯಾ? ಡೆಸ್ಮಂಡ್‌ಗೆ ಆಲಿಶಾನೇ ವಾಪಸ್ ಕೊಡ್ತೀನಿ" ಎಂದೆ.

ಅವಳು ಅನ್ನ ಕಲಸುವುದನ್ನು ನಿಲ್ಲಿಸಿದಳು. "ಆರ್ ಯು ಆಸ್ಕಿಂಗ್ ಮಿ, ಅಮ್ಮಾ?"

"ಕೇಳ್ತಾ ಇದೀನಿ ಕಣೆ."

"ದೆನ್ ನೋ."

ಹಾಗೆಂದು ಮತ್ತೆ ಅನ್ನ ಕಲಸತೊಡಗಿದಳು.   ಆಮೇಲೆ ಅವಳೇ ಶುರು ಮಾಡಿದಳು, ತಟ್ಟೆ ನೋಡಿಕೊಂಡೇ. "ನಿನ್ ಟೀಮಲ್ಲಿದ್ದಾಗ ಕಾರಲ್ಲಿ ಮನೆ ಬರೋವರ್ಗೂ ನನ್ ಮಿಸ್ಟೇಕ್ಸೇ ಹೇಳ್ತಿದ್ದೆ. ಐ ಯೂಸ್ಡ್ ಟು ಕ್ರೈ. ಕಿಟಕಿ ಕಡೆ ತಿರುಗ್ಕೊಂಡು. ಯು ನೆವರ್ ಸಾ. ಈಗ ಯು ಡೋಂಟ್ ಸೇ ಎನಿಥಿಂಗ್. ನಂಗೆ ಇದೇ ಇಷ್ಟ."

ಕಾರು ಓಡಿಸುವವರು ರಸ್ತೆ ನೋಡಬೇಕು, ಪಕ್ಕದವರ ಮುಖ ನೋಡುತ್ತಾ ಕೂರಲು ಆಗುವುದಿಲ್ಲ ಎಂದು ಹೇಳಬೇಕೆನಿಸಿತು. ಹೇಳಲಿಲ್ಲ. ಅಷ್ಟು ವರ್ಷ ಪಕ್ಕದಲ್ಲಿ ಕೂತು ಅತ್ತಿದ್ದಾಳೆ. ನಾನು ಅದನ್ನು ಅಸಡ್ಡೆ ಎಂದುಕೊಂಡಿದ್ದೆ. ತಟ್ಟೆ ಪಕ್ಕಕ್ಕೆ ಸರಿಸಿದೆ.

"ಆವತ್ತು ಮೇಲೆ ಎಸೆಯೋಕೆ ನಾನೇ ಹೇಳಿದ್ದು" ಎಂದೆ.

"ಐ ನೋ. ಐ ಸಾ ಯು." ಬೇಸರವಿರಲಿಲ್ಲ ದನಿಯಲ್ಲಿ. "ಗುಡ್ ಕಾಲ್ ಅದು."

"ಆ ಚೆಂಡು ಬಿಡೋದು ಕಷ್ಟ ಅಲ್ಲ. ಯಾರಾದ್ರೂ ದಿನಾ ಎಸೆದ್ರೆ ಕಣ್ಣಿಗೆ ಅಭ್ಯಾಸ ಆಗತ್ತೆ. ನಾನು ಎಸೀಲಾ?"

ಅವಳು ಯೋಚಿಸಿದಳು. ನಿಜವಾಗಿಯೂ ಯೋಚಿಸಿದಳು, ನೀರು ಕುಡಿದು, ಲೋಟ ಇಟ್ಟು. "ಯು ಹ್ಯಾವ್ ಟು ಆಸ್ಕ್ ಡೆಸ್ಮಂಡ್ ಅಂಕಲ್" ಎಂದಳು.

ರಾಜ್ಯ ತಂಡಕ್ಕೆ ಆಡಿದವಳು, ಈ ವರ್ಷದ ಕಪ್ ಗೆದ್ದವಳು, ನನ್ನ ಮಗಳಿಗೆ ನಾನು ಚೆಂಡು ಎಸೆಯಲು ಆ ಒಣಮೀನಿನವನ ಅಪ್ಪಣೆ ಬೇಕು. ಫೋನ್ ಮಾಡಿದೆ. ಅವನು ಎಲ್ಲವನ್ನೂ ಕೇಳಿಸಿಕೊಂಡು, "ಬನ್ನಿ, ಬನ್ನಿ. ಭಾನುವಾರ ಬೆಳಿಗ್ಗೆ ಏಳಕ್ಕೆ. ಆದ್ರೆ ನಮ್ಮಲ್ಲಿ ಬಯ್ಯುದಿಲ್ಲ, ಗೊತ್ತುಂಟಲ್ಲ?" ಎಂದ.

"ಗೊತ್ತು" ಎಂದೆ.

ಫೋನ್ ಇಟ್ಟ ಮೇಲೆ, ಏಳಕ್ಕೆ ಅಲ್ಲಿರಬೇಕಾದರೆ ಆರೂವರೆಗೇ ಕಾರು ತೆಗೆಯಬೇಕು ಎಂದು ಧೃತಿಗೆ ಹೇಳಿದೆ.

"ಕಾರ್ ಬೇಡ" ಎಂದಳು. "ನೀನೂ ಟ್ರೇನಲ್ಲೇ ಬಾ, ನನ್ ಜೊತೆ."

ಬರುತ್ತೇನೆ ಎಂದೆ.